ಗಂಗರತ್ನಮ್ಮನವರ ಎರಡನೇ ದಿಲ್ಲಿ

ವೆಂಕಟರಾಮಯ್ಯನವರು ದಿಲ್ಲಿಗೆ ಹೋಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಯಲಹಂಕದ ಅವರ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಹೋಗಿದ್ದರು ಅಂತಲೇ ಹೇಳುತ್ತಾರೆ. ಹೋಗಿದ್ದರಂತೆ, ಏಳು ದಿನ ಇದ್ದರಂತೆ, ಮೂಲೆ ಮೂಲೆ ನೋಡಿದರಂತೆ.

ಪುಣ್ಯಾತ್ಮರು ಮೂವತ್ತೆರಡು ವರ್ಷದಿಂದ ಆ ಪ್ರವಾಸವನ್ನು ಹೇಳುತ್ತಲೇ ಬಂದಿದ್ದಾರೆ. ಮದುವೆಮನೆಯ ಪಂಕ್ತಿಯಲ್ಲಿ, ಕಾರ್ಖಾನೆಯ ಕ್ಯಾಂಟೀನಿನಲ್ಲಿ, ನಿವೃತ್ತರಾದ ಮೇಲೆ ಪಾರ್ಕಿನ ಬೆಂಚಿನ ಮೇಲೆ. ಮೊದಲು ಕೆಂಪುಕೋಟೆ, ಆಮೇಲೆ ಇಂಡಿಯಾ ಗೇಟು, ಕೊನೆಗೆ ಕುತುಬ್ ಮಿನಾರಿನ ಅಂಗಳದಲ್ಲಿರುವ ಕಬ್ಬಿಣದ ಕಂಬ. ಕಂಬದ ಕಥೆ ಬಂತೆಂದರೆ ಮನುಷ್ಯ ಎದ್ದು ನಿಂತೇ ಹೇಳಬೇಕು. "ಸಾವಿರದ ಆರ್ನೂರು ವರ್ಷ ಕಣ್ರೀ, ಒಂದ್ ಚೂರು ತುಕ್ಕಿಲ್ಲ! ಬೆನ್ನು ಕೊಟ್ಟು ನಿಂತು, ಕೈ ಹಿಂದಕ್ಕೆ ಹಾಕಿ ತಬ್ಕೊಂಡೆ ನೋಡಿ, ಬೆರಳಿಗೆ ಬೆರಳು ತಾಗ್ತು. ಎಲ್ರಿಗೂ ತಾಗಲ್ಲ ಅದು." ಕಬ್ಬಿಣ ಕಡೆಯುವ ಲೇತ್ ಮುಂದೆ ಮೂವತ್ತು ವರ್ಷ ನಿಂತು ಕೆಲಸ ಮಾಡಿದ ಟರ್ನರ್ ಕಬ್ಬಿಣದ ವಿಷಯ ಹೇಳಿದರೆ ಯಾರು ಅನುಮಾನಪಡುತ್ತಾರೆ? ಕೇಳಿದವರೆಲ್ಲ ತಲೆದೂಗಿದರು.

ನಿಜ ಏನಾಗಿತ್ತೆಂದರೆ, ಆಗ ಅವರು ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿದ್ದರು. ಕಾರ್ಖಾನೆಯಲ್ಲಿ ಎಲ್‌ಟಿಸಿ ಅಂತ ಒಂದಿತ್ತು. ಕೆಲವು ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ದೇಶದ ಯಾವುದಾದರೂ ಊರು ನೋಡಿ ಬರಲು ರಜೆ, ಜೊತೆಗೆ ರೈಲಿನ ಖರ್ಚು ಮುಂಗಡವಾಗಿ. ಊರು ನೋಡದೆಯೇ ಆ ಖರ್ಚನ್ನು ಪಡೆಯುವ ವಿದ್ಯೆಯೂ ಕೆಲವರಿಗೆ ಬರುತ್ತಿತ್ತು. ವೆಂಕಟರಾಮಯ್ಯನವರು ಯಲಹಂಕದಲ್ಲಿ ಒಂದು ಸೈಟು ನೋಡಿಟ್ಟಿದ್ದರು, ಅದು ಕೈತಪ್ಪುವ ಹಾಗಿತ್ತು. ದಿಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ, ಸೈಟು ಓಡಿಹೋಗುತ್ತದೆ ಅಂದುಕೊಂಡು ವಿದ್ಯೆ ಕಲಿತರು. ಕ್ವಾರ್ಟರ್ಸ್‌ನವರೆಲ್ಲ ಕೈಬೀಸಿ ಕಳಿಸಿಕೊಟ್ಟ ಮೇಲೆ ಗಂಡ ಹೆಂಡತಿ ಎರಡು ಸೂಟ್‌ಕೇಸ್ ಹಿಡಿದು ಬಸ್ಸು ಹತ್ತಿದರು, ರಾಜಾನುಕುಂಟೆಯಲ್ಲಿ ಇಳಿದರು. ಅಲ್ಲಿ ಗಂಗರತ್ನಮ್ಮನವರ ಅಕ್ಕ ಮುನಿಕೆಂಪಮ್ಮನ ಮನೆ. ಕಾರ್ಖಾನೆಯ ಬಸ್ಸು ದೊಡ್ಡಬಳ್ಳಾಪುರ ರಸ್ತೆಯಲ್ಲಿ ಬೆಳಿಗ್ಗೆ ಸಂಜೆ ಓಡಾಡುತ್ತಿದ್ದುದರಿಂದ ಹನ್ನೊಂದು ದಿನ ಜಗಲಿಗೂ ಬರುವಂತಿರಲಿಲ್ಲ. ನಡುಮನೆಯಲ್ಲಿ ಕೂತು ವೆಂಕಟರಾಮಯ್ಯನವರು ದಿಲ್ಲಿಯ ಗೈಡ್ ಪುಸ್ತಕವೊಂದನ್ನು ಬಾಯಿಪಾಠ ಮಾಡಿದರು. ವಾಪಸ್ ಬರುವಾಗ ಮೆಜೆಸ್ಟಿಕ್‌ಗೆ ಹೋಗಿ ದಿಲ್ಲಿ ಕಡೆಯ ಸಿಹಿ ಅಂತ ಎರಡು ಕಿಲೋ ಪೇಠಾ ಕೊಂಡರು, ಕ್ವಾರ್ಟರ್ಸ್‌ಗೆಲ್ಲ ಹಂಚಿದರು.

ಒಂದೇ ತೊಡಕು. ಬಾಯಿ ಎರಡು. ಇವರೊಂದು ಹೇಳಿ, ಹೆಂಗಸರ ನಡುವೆ ಆಕೆ ಇನ್ನೊಂದು ಹೇಳಿಬಿಟ್ಟರೆ? ಅದಕ್ಕೂ ವೆಂಕಟರಾಮಯ್ಯನವರ ತಲೆ ಓಡಿತು. "ನಮ್ಮೋಳಿಗೆ ರೈಲು ಇಳಿದ ದಿನಾನೇ ಜ್ವರ. ಲಾಡ್ಜ್ ಬಿಟ್ಟು ಈಚೆಗೇ ಬರ್ಲಿಲ್ಲ, ಪಾಪ" ಅಂದುಬಿಟ್ಟರು. ಅಲ್ಲಿಗೆ ಮುಗಿಯಿತು. ಆಕೆಯನ್ನು ಯಾರೂ ಏನೂ ಕೇಳಲಿಲ್ಲ. ಡೆಲ್ಲಿಗೆ ಹೋಗಿ ಲಾಡ್ಜ್ ಗೋಡೆ ನೋಡ್ಕೊಂಡು ಬಂದೋಳು ಅಂತ ಕ್ವಾರ್ಟರ್ಸ್‌ನಲ್ಲಿ ಒಂದಷ್ಟು ದಿನ ನಕ್ಕರು. ಸೈಟಿನಲ್ಲಿ ಮನೆ ಎದ್ದ ಮೇಲೆ ಹೊಸ ಬೀದಿಯವರೂ ನಕ್ಕರು. ಗಂಗರತ್ನಮ್ಮನವರು ಸುಮ್ಮನಿದ್ದರು. ಸುಮ್ಮನಿರುವುದು ಆಕೆಗೆ ಒಗ್ಗಿಹೋಗಿದೆ ಅಂತ ಗಂಡ ತಿಳಿದುಕೊಂಡರು.

ಈಗ ನೋಡಿ, ಮಗಳು ಮಂಜುಶ್ರೀ ಒಂದು ಕೆಲಸ ಮಾಡಿದಳು. ಪ್ರವಾಸದ ಮಾರನೇ ವರ್ಷ ಹುಟ್ಟಿದವಳು, ಅಪ್ಪನ ದಿಲ್ಲಿಯನ್ನು ಹಾಲಿನ ಜೊತೆ ಕುಡಿದು ಬೆಳೆದವಳು. "ಅಪ್ಪ ನೋಡಿದಾರೆ, ಪಾಪ ಅಮ್ಮ ನೋಡಿಲ್ಲ. ಈ ಸಲ ಅಮ್ಮ ನೋಡ್ಲಿ" ಅಂತ ಇಬ್ಬರಿಗೂ ರೈಲು, ಲಾಡ್ಜು ಎಲ್ಲ ಬುಕ್ ಮಾಡಿ ಕೈಗೆ ಕೊಟ್ಟಳು. ಸುದ್ದಿ ಕೇಳಿದ್ದೇ ತಡ, ಎರಡು ಮನೆ ಆಚೆಯ ಅಶ್ವತ್ಥಪ್ಪ, ಅದೇ ಕಾರ್ಖಾನೆಯಲ್ಲಿ ಪಕ್ಕದ ಲೇತ್ ನಡೆಸಿದವನು, ಹೆಂಡತಿ ಗೋಪಾಲಮ್ಮನ ಸಮೇತ ಹೊರಟು ನಿಂತ. "ನೀನಿರ್ಬೇಕಾದ್ರೆ ಗೈಡ್ ಯಾಕೋ ನಮ್ಗೆ?" ಅಂದ. ವೆಂಕಟರಾಮಯ್ಯನವರಿಗೆ ಬೇಡ ಅನ್ನಲು ನೆಪ ಹೊಳೆಯಲಿಲ್ಲ. ಆದರೂ ಗೈಡ್ ಪುಸ್ತಕ ಮರೆತಿಲ್ಲ, ಹೆಂಡತಿ ಬಾಯಿ ಬಿಡುವವಳಲ್ಲ, ಹೇಗೋ ಸುಧಾರಿಸಿದರಾಯಿತು ಅಂದುಕೊಂಡರು.

ಯಶವಂತಪುರದಲ್ಲಿ ರೈಲು ಹತ್ತಿ ಕೂತು, ಗೋಪಾಲಮ್ಮ ಚಕ್ಕುಲಿ ಡಬ್ಬಿ ತೆರೆಯುತ್ತಲೇ ಕಾಲೆಳೆಯಲು ಶುರುಮಾಡಿದರು. "ರತ್ನಮ್ಮಾ, ಈ ಸಲಾನಾದ್ರೂ ಜ್ವರ ಬರಿಸ್ಕೋಬೇಡಿ ತಾಯಿ! ಅಲ್ಲಿವರ್ಗೂ ಹೋಗಿ ರಗ್ಗು ಹೊದ್ಕೊಂಡು ಮಲಗೋದಕ್ಕೆ ಯಲಹಂಕ ಸಾಲ್ದಾ?"

ಎಲ್ಲರೂ ನಕ್ಕರು. ವೆಂಕಟರಾಮಯ್ಯನವರೂ ನಕ್ಕರು. ರೈಲು ಯಲಹಂಕ ದಾಟಿ ರಾಜಾನುಕುಂಟೆಯ ಹತ್ತಿರ ಬಂತು. ಕಿಟಕಿಯಾಚೆ ಲೇಔಟಿನ ಕಲ್ಲುಗಳು, ನಡುನಡುವೆ ರಾಗಿ ಕೊಯ್ದ ಹೊಲ. ಅವರಿಗೆ ಆ ಕಡೆ ನೋಡಲು ನಾಚಿಕೆ. ಗಂಗರತ್ನಮ್ಮ ಮಾತ್ರ ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದರು. ಆಮೇಲೆ ಈ ಕಡೆ ತಿರುಗಿ, ಬಹಳ ಸಲೀಸಾಗಿ ಹೇಳಿದರು.

"ಓದ ಸಲ ಡೆಲ್ಲಿಗೆ ಓದಾಗ ನಮ್ಮಕ್ಕ ಇಲ್ಲೇ ರೈಲ್ವೆ ಗೇಟ್ ತಾವ ನಿಂತಿದ್ಲು ಗೋಪಾಲಮ್ಮ. ರೈಲು ಬತ್ತಿದ್ದಂಗೆ ಕೈ ಬೀಸಿದ್ಲು. ನಾನೂ ಬೀಸ್ದೆ. ಅಸಿರು ಸೀರೆ ಉಟ್ಟಿದ್ಲು."

ವೆಂಕಟರಾಮಯ್ಯನವರ ಬಾಯಲ್ಲಿದ್ದ ಚಕ್ಕುಲಿ ಅಲ್ಲೇ ನಿಂತಿತು. ಹೆಂಡತಿಯ ಮುಖ ನೋಡಿದರು. ಅಲ್ಲಿ ನಗು ಇರಲಿಲ್ಲ, ಕಣ್ಣು ಮಿಟುಕಿಸಿದ್ದಿರಲಿಲ್ಲ. ನಿನ್ನೆ ಸಾರಿಗೆ ಉಪ್ಪು ಹಾಕಿದೆ ಎನ್ನುವಷ್ಟು ಸಹಜವಾಗಿ ಹೇಳಿದ್ದರು. ನನ್ನ ಸುಳ್ಳಿಗೆ ಒತ್ತಾಸೆ ಕೊಡುತ್ತಿದ್ದಾಳೆ, ಭೇಷ್, ಅಂತ ಮೊದಲು ಅನ್ನಿಸಿತು. ಆದರೆ ಕೇಳದೆ ಯಾಕೆ ಕೊಟ್ಟಳು? ಹಸಿರು ಸೀರೆ ಎಲ್ಲಿಂದ ಬಂತು?

ಆ ಹಸಿರು ಸೀರೆಯೇ ಅವರ ತಲೆ ಕೆಡಿಸಿದ್ದು. ಯಾಕೆಂದರೆ ಮುನಿಕೆಂಪಮ್ಮ ತೀರಿಹೋಗಿ ಎರಡು ವರ್ಷವಾಗಿತ್ತು. ಹೋಗುವ ಮುಂಚೆ ನಾಲ್ಕು ವರ್ಷ ಆಕೆಗೆ ಯಾವ ನೆನಪೂ ನೆಟ್ಟಗಿರಲಿಲ್ಲ. ತೀರಿಕೊಂಡ ಗಂಡನಿಗೆ ಎಲೆ ಹಾಕಿ ಊಟಕ್ಕೆ ಕೂಗುತ್ತಿದ್ದಳು, ತಂಗಿಯನ್ನೇ ನೀನ್ಯಾರಮ್ಮ ಅಂತ ಕೇಳುತ್ತಿದ್ದಳು. ಅದು ಶುರುವಾಗಿದ್ದು ಹೇಗೆ? ಇದೇ ತರ. ಒಂದು ದಿನ ಅಂಗಳದಲ್ಲಿ ಕೂತು, "ನಿನ್ನೆ ತಿರುಪ್ತಿಗೆ ಓಗಿದ್ವಲ್ಲ, ಏನ್ ರಶ್ಶು" ಅಂದಿದ್ದಳು. ಯಾರೂ ಎಲ್ಲಿಗೂ ಹೋಗಿರಲಿಲ್ಲ. ಅಕ್ಕನಿಗೆ ಬಂದದ್ದು ತಂಗಿಗೂ ಬರಬಹುದು ಅಂತ ಡಾಕ್ಟರು ಹೇಳಿದ್ದು ವೆಂಕಟರಾಮಯ್ಯನವರಿಗೆ ನೆನಪಾಯಿತು.

ಎರಡು ದಿನದ ರೈಲು ಪ್ರಯಾಣದಲ್ಲಿ ಮನುಷ್ಯ ಸರಿಯಾಗಿ ನಿದ್ದೆ ಮಾಡಲಿಲ್ಲ. ಪರೀಕ್ಷೆ ಮಾಡಿ ನೋಡಿದರು. "ರತ್ನ, ಮನೆ ಬೀಗದ ಕೈ ಯಾರಿಗೆ ಕೊಟ್ಟೆ?" ಅಂದರು. "ಎದುರು ಮನೆ ನಯನಂಗೆ" ಅಂದರು ಆಕೆ. ಸರಿಯಾಗಿತ್ತು. ಸ್ವಲ್ಪ ಹೊತ್ತು ಬಿಟ್ಟು, "ನಮ್ ಅಳಿಯನ ಹೆಸರೇನು?" ಅಂದರು. ಗಂಗರತ್ನಮ್ಮ ಹಾಗೇ ದಿಟ್ಟಿಸಿದರು.

"ಯಾಕ್ರೀ, ಮರ್ತೋಯ್ತಾ ನಿಮ್ಗೆ?"

ಈಗ ಮರೆತಿರುವುದು ಯಾರಿಗೆ ಎಂಬುದೇ ಗೊಂದಲವಾಯಿತು.

ಮೂರನೇ ದಿನ ದಿಲ್ಲಿ ಬಂತು. ಜನವರಿಯ ಚಳಿ, ಮಂಜು ಎಷ್ಟೆಂದರೆ ಎದುರಿನ ಬಸ್ಸು ಕಾಣುವುದಿಲ್ಲ. ಕರೋಲ್ ಬಾಗ್‌ನ ಲಾಡ್ಜ್ ರೂಮಿನ ಬಾಗಿಲು ತೆರೆಯುತ್ತಲೇ ಗಂಗರತ್ನಮ್ಮ, "ಆವತ್ತೂ ಇಂತದ್ದೇ ರೂಮು. ಕಿಟಕಿ ಮಾತ್ರ ಆ ಕಡೆ ಇತ್ತು" ಅಂದರು. ಗೋಪಾಲಮ್ಮ ಇನ್ನೂ ಕಾರಿಡಾರಿನಲ್ಲಿದ್ದರು, ಒಳಗೆ ಇದ್ದದ್ದು ಗಂಡ ಒಬ್ಬರೇ. ಅಂದರೆ ಬೇರೆಯವರಿಗೆ ಕೇಳಲಿ ಅಂತ ಹೇಳಿದ್ದಲ್ಲ. ಅಯ್ಯೋ ದೇವರೇ, ಇವಳು ನಂಬಿಬಿಟ್ಟಿದ್ದಾಳೆ! ವೆಂಕಟರಾಮಯ್ಯನವರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮಗಳಿಗೆ ಫೋನ್ ಮಾಡಿದರು.

"ಮಂಜು, ಅಮ್ಮ ಈಚೆಗೆ ಏನಾದ್ರೂ ಮರೀತಾ ಇದ್ಲೇನಮ್ಮ?"

"ಅಮ್ಮ ಮರೆಯೋದಾ? ನಾನು ಎರಡ್ನೇ ಕ್ಲಾಸಲ್ಲಿ ಕಳ್ಕೊಂಡ ಛತ್ರಿ ಇನ್ನೂ ಕೇಳ್ತಾಳೆ. ಯಾಕಪ್ಪ, ಏನಾಯ್ತು?"

ಏನಾಯಿತು ಅಂತ ಹೇಳುವುದು ಹೇಗೆ? ಅಮ್ಮ ಬಾರದ ಊರಿಗೆ ಬಂದಿದ್ದೆ ಅನ್ನುತ್ತಾಳೆ ಅಂದರೆ, ಹೌದಲ್ಲಪ್ಪ, ಬಂದಿದ್ದಳಲ್ಲ ಅನ್ನುತ್ತಾಳೆ ಮಗಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೂ ಇದೇ ಪಾಡು. ರೋಗ ಹೇಳಬೇಕಾದರೆ ಮೊದಲು ಕಳ್ಳತನ ಹೇಳಬೇಕು. "ಏನಿಲ್ಲ, ಚಳಿ ಜಾಸ್ತಿ" ಅಂದು ಫೋನ್ ಇಟ್ಟರು.

ಕೆಂಪುಕೋಟೆಯಲ್ಲಿ ಗೈಡ್ ಕೆಲಸ ಮೊದಮೊದಲು ಚೆನ್ನಾಗಿಯೇ ನಡೆಯಿತು. ದರ್ಬಾರು ನಡೆಯುತ್ತಿದ್ದ ದಿವಾನ್-ಎ-ಆಮ್ ಎಡಗಡೆ ಅಂದರು, ಅದು ನೇರ ಎದುರಿಗೆ ಬಂತು. "ಮಂಜಲ್ವಾ, ದಿಕ್ಕು ತಪ್ತು" ಅಂದರು. ಅಶ್ವತ್ಥಪ್ಪ ಮೊಬೈಲಿನಲ್ಲಿ ಮ್ಯಾಪ್ ನೋಡುತ್ತಿದ್ದವನು ತಲೆಯೆತ್ತಿದ.

"ಲೋ ವೆಂಕಟ್ರಾಮ, ಇಲ್ಲಿಂದ ಕುತುಬ್ ಮಿನಾರ್ ಹತ್ತೊಂಬತ್ತು ಕಿಲೋಮೀಟ್ರು ತೋರಿಸ್ತೈತಲ್ಲೋ. ನೀನು ಕೋಟೆ ನೋಡ್ಕೊಂಡು ಹಂಗೇ ನಡ್ಕೊಂಡ್ ಹೋದೆ ಅಂದಿದ್ಯಲ್ಲ?"

"ಆಗ..." ವೆಂಕಟರಾಮಯ್ಯನವರು ಕೋಟೆಯ ಗೋಡೆ ಕಡೆ ತಿರುಗಿದರು. "ಆಗ ಇಷ್ಟು ಟ್ರಾಫಿಕ್ ಇರ್ಲಿಲ್ಲ ಕಣೋ."

ಟ್ರಾಫಿಕ್ ಇಲ್ಲದಿದ್ದರೆ ಹತ್ತೊಂಬತ್ತು ಕಿಲೋಮೀಟರ್ ಹೇಗೆ ಕಮ್ಮಿಯಾಗುತ್ತದೆ ಅಂತ ಅಶ್ವತ್ಥಪ್ಪ ಯೋಚಿಸುತ್ತಿರುವಾಗ, ಕೋಟೆ ಬಾಗಿಲ ಒಳಗಿನ ಬಳೆ ಅಂಗಡಿಗಳ ಸಾಲಿನಿಂದ ಗಂಗರತ್ನಮ್ಮನ ದನಿ ಬಂತು. "ಇದೇ ಅಂಗ್ಡಿ ಗೋಪಾಲಮ್ಮ. ಆವಾಗ ಒಬ್ಬ ಮುದುಕಪ್ಪ ಇದ್ದ. ಕೈ ಇಂಗೆ ಇಡ್ಕೊಂಡು ಒಂದೊಂದೇ ಬಳೆ ಹಾಕ್ದ. ಆರು ಕೆಂಪು, ಆರು ನೀಲಿ."

"ಅಲ್ರೀ, ನೀವು ಲಾಡ್ಜಲ್ಲಿ ಮಲಗಿದ್ರಲ್ಲ?"

"ಯಾರಂದಿದ್ದು?" ಅಂದರು ಗಂಗರತ್ನಮ್ಮ. ಅಷ್ಟೇ ಅಂದು, ಬಳೆಗಳ ಬೆಲೆ ಕೇಳಲು ತಿರುಗಿದರು.

ವೆಂಕಟರಾಮಯ್ಯನವರು ಅಲ್ಲೇ ಒಂದು ಕಟ್ಟೆಯ ಮೇಲೆ ಕೂತುಬಿಟ್ಟರು. ಅವರಿಗೆ ಈಗ ತಮ್ಮ ಮೇಲೇ ಅನುಮಾನ ಬಂತು. ಕೆಂಪುಕೋಟೆಯ ಬಾಗಿಲ ಮುಂದೆ ತಾವು ನಿಂತಿದ್ದು, ಕುತ್ತಿಗೆ ನೋಯುವಷ್ಟು ಮೇಲೆ ನೋಡಿದ್ದು, ಕಡಲೆಕಾಯಿ ತಿಂದಿದ್ದು, ಎಲ್ಲ ಅವರಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಷ್ಟು ಸಾರಿ ಹೇಳಿದ್ದಾರೆ! ರಾಜಾನುಕುಂಟೆಯ ನಡುಮನೆ ನೆನಪು ಮಾಡಿಕೊಳ್ಳಲು ಹೋದರೆ ಅದೇ ಮಸುಕು ಮಸುಕು. ಒಂದು ವೇಳೆ ಬಂದಿದ್ದೆವಾ? ಮುನಿಕೆಂಪಮ್ಮನ ಮನೆಯಲ್ಲಿದ್ದದ್ದು ಬೇರೆ ಸಲವಾ? ಥೂ, ಎಂಥ ಮಾತು. ಸೈಟಿನ ಕಾಗದದ ಮೇಲಿನ ತಾರೀಖು ನೆನಪಿದೆ. ಆ ವಾರವೇ ರಿಜಿಸ್ಟ್ರಾರ್ ಆಫೀಸಿಗೆ ತಲೆಗೆ ಮಫ್ಲರ್ ಸುತ್ತಿಕೊಂಡು ಕದ್ದು ಹೋಗಿ ಬಂದಿದ್ದರು. ಬಂದಿರಲಿಲ್ಲ. ದಿಲ್ಲಿಗೆ ಖಂಡಿತ ಬಂದಿರಲಿಲ್ಲ. ಹಾಗಾದರೆ ಆ ಮುದುಕಪ್ಪ, ಆ ಆರು ಕೆಂಪು ಆರು ನೀಲಿ ಬಳೆ?

ಆ ಸಂಜೆ ಊಟಕ್ಕೆ ಕೂತಾಗ ಆಕೆಯ ತಟ್ಟೆಗೆ ತಾವೇ ರೊಟ್ಟಿ ಹರಿದು ಹಾಕಿದರು. ನಲವತ್ತು ವರ್ಷದ ಸಂಸಾರದಲ್ಲಿ ಅದು ಮೊದಲ ಸಲ. ಆಕೆ ಹರಿದಷ್ಟೂ ತಿಂದರು. ಇವಳು ನನ್ನನ್ನು ಮರೆತರೆ ಗತಿಯೇನು ಅಂದುಕೊಳ್ಳುತ್ತಾ ವೆಂಕಟರಾಮಯ್ಯನವರು ಇನ್ನೊಂದು ರೊಟ್ಟಿ ಹರಿದರು. ಕಾಫಿ ಪುಡಿ ಎಲ್ಲಿದೆ, ಬಿಪಿ ಮಾತ್ರೆ ಎಷ್ಟು ಹೊತ್ತಿಗೆ, ಯಾವ ನಂಟರ ಮನೆಗೆ ಹೋಗಬೇಕು, ಯಾರನ್ನು ಮಾತಾಡಿಸಬಾರದು, ಎಲ್ಲವೂ ಇವಳ ತಲೆಯಲ್ಲಿದೆ. ತಮ್ಮ ತಲೆಯಲ್ಲಿ ಇರುವುದು ದಿಲ್ಲಿಯ ಗೈಡ್ ಪುಸ್ತಕ ಒಂದೇ.

ಮರುದಿನ ಕುತುಬ್ ಮಿನಾರ್. ಬಿಸಿಲು ಬಂದಿತ್ತು, ಶಾಲೆಯ ಮಕ್ಕಳು ಸಾಲಾಗಿ ನಡೆಯುತ್ತಿದ್ದರು. ಅಶ್ವತ್ಥಪ್ಪ ಮಿನಾರನ್ನು ಅಷ್ಟಾಗಿ ನೋಡಲೇ ಇಲ್ಲ, ನೇರ ಕಂಬದ ಹತ್ತಿರ ಹೋದ. ಮೂವತ್ತು ವರ್ಷ ಕೇಳಿದ ಕಂಬವಲ್ಲವೇ? ಕಪ್ಪಗೆ, ನುಣ್ಣಗೆ, ತುಕ್ಕಿಲ್ಲದೆ ನಿಂತಿತ್ತು. ಸುತ್ತ ಯಾರೂ ಮುಟ್ಟದ ಹಾಗೆ ಕಂಬಿ ಹಾಕಿದ್ದರು. ವೆಂಕಟರಾಮಯ್ಯನವರು ಅದನ್ನು ಮೊದಲ ಸಲ ನೋಡುತ್ತಿದ್ದರು, ಮೊದಲ ಸಲದ ಬೆರಗನ್ನು ಮುಖದಲ್ಲಿ ತೋರಿಸುವಂತಿರಲಿಲ್ಲ. ಎಂಥ ಕೆಲಸಗಾರರಪ್ಪ ಇದನ್ನು ಮಾಡಿದವರು, ಅಂತ ಒಳಗೊಳಗೇ ಕೈಮುಗಿದರು.

"ಹೇಳೋ ಗುರು" ಅಂದ ಅಶ್ವತ್ಥಪ್ಪ, ಮೊಬೈಲ್ ಎತ್ತಿ ಹಿಡಿದು. "ವಿಡಿಯೋ ತೆಗೀತೀನಿ. ಹೆಂಗ್ ತಬ್ಕೊಂಡೆ ತೋರ್ಸು."

ವೆಂಕಟರಾಮಯ್ಯನವರು ಬಾಯಿ ತೆರೆಯುವಷ್ಟರಲ್ಲಿ ಗಂಗರತ್ನಮ್ಮ ಮುಂದೆ ಬಂದರು. ಸೆರಗು ಸರಿಮಾಡಿಕೊಂಡು, ಕಂಬಕ್ಕೆ ಬೆನ್ನು ಮಾಡಿ ಕಂಬಿಯ ಈಚೆ ನಿಂತು, ಎರಡೂ ಕೈ ಹಿಂದಕ್ಕೆ ಚಾಚಿದರು.

"ಇಂಗೆ" ಅಂದರು. "ತಬ್ಕೊಂಡಿದ್ದು ಅವ್ರಲ್ಲ ಅಶ್ವತ್ಥಪ್ಪ, ನಾನು. ಬೆರಳಿಗೆ ಬೆರಳು ತಾಗಿದ್ದೂ ನಂದೇ. ಇವ್ರು ಲಾಡ್ಜಲ್ಲಿದ್ರು. ಜ್ವರ ಇವ್ರಿಗೆ."

ಗೋಪಾಲಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ಅಶ್ವತ್ಥಪ್ಪ ಒಮ್ಮೆ ಗೆಳೆಯನನ್ನು, ಒಮ್ಮೆ ಗೆಳೆಯನ ಹೆಂಡತಿಯನ್ನು ನೋಡಿದ. ಏನಾದರೂ ಹೇಳಿ ನಗಿಸಿ ತೇಲಿಸಿಬಿಡಬಹುದಿತ್ತು. ವೆಂಕಟರಾಮಯ್ಯನವರಿಗೆ ಅದು ಹೊಳೆಯಲೂ ಇಲ್ಲ. ಅವರ ಕಣ್ಣೆದುರು ಅಂಗಳದಲ್ಲಿ ಕೂತು ತಿರುಪತಿಯ ರಶ್ಶು ವರ್ಣಿಸುತ್ತಿದ್ದ ಮುನಿಕೆಂಪಮ್ಮ ಬಂದಳು. ಹಾಳಾಗಿ ಹೋಗಲಿ ಮಾನ, ಇವಳು ಉಳಿದರೆ ಸಾಕು. ಹೋಗಿ ಹೆಂಡತಿಯ ಎರಡೂ ಕೈ ಹಿಡಿದುಕೊಂಡರು.

"ರತ್ನ, ಇಲ್ಲಿ ನೋಡು. ನನ್ ಮುಖ ನೋಡು. ನಾವು ಬಂದೇ ಇಲ್ಲ ಕಣೆ. ನೀನೂ ಬಂದಿಲ್ಲ, ನಾನೂ ಬಂದಿಲ್ಲ. ರಾಜಾನುಕುಂಟೇಲಿದ್ವಿ, ನಿಮ್ಮಕ್ಕನ ಮನೇಲಿ, ಹನ್ನೊಂದು ದಿನ. ಟಿಕೆಟ್ ಎಲ್ಲಾ ಸುಳ್ಳು. ಕಂಬ ಸುಳ್ಳು, ಜ್ವರ ಸುಳ್ಳು, ಎಲ್ಲಾ ನಾನೇ ಕಟ್ಟಿದ್ದು. ನೆನಪು ಮಾಡ್ಕೋ ತಾಯಿ, ನಿನ್ ಕಾಲಿಗ್ ಬೀಳ್ತೀನಿ, ನೆನಪು ಮಾಡ್ಕೋ!"

ಆ ಅಂಗಳದಲ್ಲಿ ಸಾವಿರ ಜನವಿದ್ದರು. ಕನ್ನಡ ತಿಳಿದವರು ಇನ್ನಿಬ್ಬರೇ, ಅದೂ ತಿಳಿಯಬಾರದಾಗಿದ್ದ ಇಬ್ಬರು. ಅಶ್ವತ್ಥಪ್ಪನ ವಿಡಿಯೋ ಇನ್ನೂ ಓಡುತ್ತಲೇ ಇತ್ತು.

ಗಂಗರತ್ನಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಗಂಡನ ಕಣ್ಣಲ್ಲಿ ನೀರು ನೋಡಿ ಆಕೆಗೂ ಗಾಬರಿಯಾಯಿತು.

"ಯಾಕ್ರೀ ಇಂಗಾಡ್ತೀರಿ? ನಂಗ್ ಗೊತ್ತಿಲ್ವಾ?"

"ಗೊತ್ತಾ?"

"ಅನ್ನೊಂದ್ ದಿನ ನಡುಮನೆ ಕತ್ಲಲ್ಲಿ ಕುಂತು ಅವರೆಕಾಯಿ ಸುಲಿದೋಳು ನಾನು. ಮರೀತೀನಾ?"

"ಮತ್ತೆ ರೈಲಲ್ಲಿ ಅಕ್ಕ ಕೈಬೀಸಿದ್ದು? ಹಸಿರು ಸೀರೆ?"

"ನಾನೂ ಕಟ್ಟಿದೆ. ನೀವೊಬ್ರೇ ಕಟ್ಬೋದಾ?"

"ರೂಮಲ್ಲಿ ನಂಗೊಬ್ಬಂಗೇ ಹೇಳಿದ್ಯಲ್ಲೇ, ಕಿಟಕಿ ಆ ಕಡೆ ಇತ್ತು ಅಂತ!"

"ನಿಮ್ಮುಂದೇನೇ ಏಳ್ಬೇಕಿತ್ತು" ಅಂದರು ಗಂಗರತ್ನಮ್ಮ.

ಉಳಿದಳು, ನೆಟ್ಟಗಿದ್ದಾಳೆ, ಒಂದೂ ಮರೆತಿಲ್ಲ! ವೆಂಕಟರಾಮಯ್ಯನವರು ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಅಶ್ವತ್ಥಪ್ಪ ಮೆಲ್ಲಗೆ ಮೊಬೈಲ್ ಜೇಬಿಗಿಟ್ಟ. "ಮೂವತ್ತು ವರ್ಷ ಕ್ಯಾಂಟೀನಲ್ಲಿ ನನ್ ವಡೆ ತಿಂದ್ಕೊಂಡು ಈ ಕಂಬದ ಕಥೆ ಹೇಳಿದ್ಯಲ್ಲೋ, ನಿನ್ ಮನೆ ಕಾಯ್ವಾಗ" ಅಂತ ಗೊಣಗಿದ. ಗೋಪಾಲಮ್ಮ ಅವನ ತೋಳು ಹಿಡಿದು ಆ ಕಡೆ ಎಳೆದುಕೊಂಡು ಹೋದರು.

ನಕ್ಕು ಮುಗಿದ ಮೇಲೆ ವೆಂಕಟರಾಮಯ್ಯನವರಿಗೆ ಹೆಂಡತಿ ನಗುತ್ತಿಲ್ಲ ಅನ್ನುವುದು ಕಾಣಿಸಿತು.

"ಅಕ್ಕನ ಮನೇಲಿ ಕುಂತಿದ್ದಕ್ಕೆ ನಂಗೆ ಬೇಜಾರಿಲ್ಲ" ಅಂದರು ಆಕೆ. "ಸೈಟ್ ಬೇಕಿತ್ತು, ನಾನೂ ಊ ಅಂದೆ. ಆದ್ರೆ ಆಮೇಲೆ ಕತೆ ಕಟ್ಟುದ್ರಲ್ಲ, ಅದ್ರಲ್ಲಿ ನನ್ನ ಯಾಕ್ ಮಲಗಿಸಿದ್ರಿ? ಸುಳ್ಳು ಡೆಲ್ಲಿ ತಾನೇ? ಅದಕ್ಕೇನು ಟಿಕೆಟ್ಟಾ, ಚಾರ್ಜಾ? ಜೊತೇಲಿ ಕರ್ಕೊಂಡೋಗಿದ್ರೆ ನಿಮ್ಮ ಗಂಟೇನ್ ಓಗ್ತಿತ್ತು? ಅದನ್ನೂ ನೀವೊಬ್ರೇ ನೋಡ್ಕೊಂಡ್ ಬಂದ್ರಿ."

ಎರಡು ಬಾಯಿಯ ಲೆಕ್ಕ, ಸಿಕ್ಕಿಬೀಳುವ ಭಯ, ಅದೆಲ್ಲ ಈಗ ವೆಂಕಟರಾಮಯ್ಯನವರು ಹೇಳಿದರೆ ಹಲ್ಲು ಕಿಸಿದ ಹಾಗಾಗುತ್ತಿತ್ತು. ಮೂವತ್ತೆರಡು ವರ್ಷದಲ್ಲಿ ಎಷ್ಟು ಪಂಕ್ತಿಗಳಲ್ಲಿ, ಎಷ್ಟು ಬೆಂಚುಗಳ ಮೇಲೆ, ಎಷ್ಟು ಸಾವಿರ ಸಲ ಆಕೆಯ ಎದುರಿಗೇ ಆಕೆಯನ್ನು ರಗ್ಗು ಹೊದಿಸಿ ಮಲಗಿಸಿ ತಾವು ಕೋಟೆ ನೋಡಲು ಹೋಗಿದ್ದರು! ಒಂದು ಸಲ, ಬರೀ ಒಂದು ಸಲ, ಇವಳೂ ಇದ್ದಳು ಕಣ್ರೀ ಅಂದಿದ್ದರೆ ಮುಗಿಯುತ್ತಿತ್ತು.

ಗಂಗರತ್ನಮ್ಮ ಆಗಲೇ ಮಿನಾರಿನ ಕಡೆ ಹೊರಟಿದ್ದರು. ತಲೆ ಎತ್ತಿ, ಮೇಲಿನ ಸಾಲಿನ ಕೆತ್ತನೆ ನೋಡುತ್ತಾ, ದಾರಿಯಲ್ಲಿದ್ದ ಮಕ್ಕಳನ್ನು ದಾಟಿಕೊಂಡು ನಡೆಯುತ್ತಿದ್ದರು. ವೆಂಕಟರಾಮಯ್ಯನವರು ನಾಲ್ಕು ಹೆಜ್ಜೆ ಹಿಂದೆ ನಿಂತು ಕೇಳಿದರು.

"ರತ್ನ, ನಾನೂ ಬರ್ಲಾ?"

ಆಕೆ ತಿರುಗಲಿಲ್ಲ.

"ಬನ್ನಿ" ಅಂದರು. "ಆದ್ರೆ ಏನೂ ಏಳ್ಬೇಡಿ. ನಾನು ನೋಡ್ಬೇಕು."